ಸಾಲಿನ ತುದಿಯಲ್ಲಿ ನಿಂತ ‘ನಾವು’

ಅಮೆರಿಕದ ಕಪ್ಪು ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ ಅವರ ‘ವಿ ರಿಯಲ್ ಕೂಲ್’ ಪದ್ಯವನ್ನು ಕನ್ನಡಕ್ಕೆ ತರುವ ಆಸೆ ಇರುವವರು ನಿಘಂಟು ತೆರೆಯುವ ಮೊದಲು ಅದರ ಪದಗಳನ್ನು ಎಣಿಸಬೇಕು. ಎಂಟು ಸಾಲು, 24 ಪದ, ಎಲ್ಲವೂ ಒಂದೇ ಸಿಲೆಬಲ್‌ನವು. ಮೂರು ಮೂರು ಪದದ ಎಂಟು ವಾಕ್ಯ, ಪ್ರತಿಯೊಂದೂ ‘ವಿ’, ಅಂದರೆ ‘ನಾವು’, ಎಂದೇ ಶುರು. ಆದರೆ ಮೊದಲನೆಯದನ್ನು ಬಿಟ್ಟರೆ ಉಳಿದ ಏಳು ‘ವಿ’ಗಳೂ ಹಿಂದಿನ ಸಾಲಿನ ತುದಿಗೆ ಜೋತುಬಿದ್ದಿವೆ. ಹಾಗಾಗಿ ಕೊನೆಯ ಸಾಲಿಗೆ ಉಳಿಯುವುದು ಎರಡೇ ಪದ: ‘ಡೈ ಸೂನ್’. ಅಲ್ಲಿ ‘ನಾವು’ ಇಲ್ಲ. ಪದ್ಯದ ಸಂಕಟವೆಲ್ಲ ಆ ಖಾಲಿ ಜಾಗದಲ್ಲಿದೆ.

1959ರಲ್ಲಿ ‘ಪೊಯೆಟ್ರಿ’ ಪತ್ರಿಕೆಯಲ್ಲಿ ಬಂದ ಪದ್ಯ ಇದು. ಗೋಲ್ಡನ್ ಶವೆಲ್ ಎಂಬ ಪೂಲ್ (ಬಿಲಿಯರ್ಡ್ಸ್‌ನಂಥ ಆಟ) ಅಡ್ಡೆಯಲ್ಲಿ ಶಾಲೆ ಬಿಟ್ಟ ಏಳು ಹುಡುಗರು. ಬ್ರೂಕ್ಸ್ ಬೆಳೆದದ್ದು, ಬರೆದದ್ದು ಶಿಕಾಗೋದ ಸೌತ್ ಸೈಡ್‌ನಲ್ಲಿ. ಕಪ್ಪು ಜನರಿಗೆ ಮನೆ ಮಾರುವುದಿಲ್ಲ ಎಂದು ಕರಾರುಪತ್ರದಲ್ಲೇ ಬರೆದುಕೊಳ್ಳುತ್ತಿದ್ದ ಊರು ಅದು. ಅಂಥ ಕರಾರನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಕೇರಿಗಳ ಗಡಿ ಅಳಿಯಲಿಲ್ಲ. ಅಲ್ಲಿನ ಹುಡುಗರು ‘ನಾವು’ ಅನ್ನುವಾಗ ಗಂಟಲು ಎಷ್ಟು ಗಟ್ಟಿ ಇರಬಲ್ಲದು? ಬ್ರೂಕ್ಸ್ ಆ ‘ವಿ’ಯನ್ನು ಮೆಲ್ಲಗೆ, ಇನ್ನೇನು ಆರಿಹೋಗುವ ಹಾಗೆ ಓದುತ್ತಿದ್ದರು.

ಕನ್ನಡದಲ್ಲಿ ಎಡವುವುದು ಇಲ್ಲೇ. ಹಾಡ್ತೀವಿ, ಕುಡೀತೀವಿ, ಹೊಡೀತೀವಿ. ಸಾಲಿನ ಕೊನೆಗೆ ‘ವಿ’ ತಾನಾಗಿಯೇ ಸಿಕ್ಕಿತಲ್ಲ ಎಂದು ಹಿಗ್ಗಬೇಡಿ. ಈ ‘ವಿ’ ಕ್ರಿಯಾಪದಕ್ಕೆ ಅಂಟಿಕೊಂಡ ಪ್ರತ್ಯಯ, ಅದರ ದನಿಯಲ್ಲಿ ಅಳುಕಿಲ್ಲ, ಅದರ ಹಿಂದೆ ಮುಂದೆ ಬಿಡುವೂ ಇಲ್ಲ. ಮೇಲಾಗಿ ಕೊನೆಯಲ್ಲಿ ‘ಸಾಯ್ತೀವಿ’ ಎಂದ ಕೂಡಲೇ, ಮೂಲದಲ್ಲಿ ಅಳಿಸಿಹೋದ ‘ನಾವು’ ಮತ್ತೆ ಎದ್ದು ಕೂರುತ್ತದೆ. ಪದ್ಯ ಕೆಡಲು ಅಷ್ಟೇ ಸಾಕು.

ದಾರಿ ಇದೆ. ಪುರುಷವಾಚಕ ಪ್ರತ್ಯಯವಿಲ್ಲದ ರೂಪಗಳನ್ನು ಹಿಡಿಯಿರಿ: ‘ಶಾಲೆ ಬಿಟ್ಟು. ನಾವು’. ಏಳು ಸಲ ‘ನಾವು’ ತುದಿಯಲ್ಲಿ ನಿಲ್ಲಲಿ. ಎಂಟನೆಯ ಸಾಲು ‘ಬೇಗ ಸಾವು’. ಏಳು ಸಲ ‘ನಾವು’ ಇದ್ದ ಜಾಗಕ್ಕೇ ‘ಸಾವು’ ಬಂದು ನಿಲ್ಲುತ್ತದೆ. ಮೂಲದಲ್ಲಿ ಈ ಪ್ರಾಸ ಇಲ್ಲ, ಅಲ್ಲಿನ ಮೌನಕ್ಕಿಂತ ಇದು ಕೊಂಚ ಜೋರಾಯಿತು ಎಂಬುದೂ ನಿಜ. ಆದರೂ ನಾನಾದರೆ ಇದನ್ನೇ ಉಳಿಸಿಕೊಳ್ಳುತ್ತೇನೆ. ಇದಕ್ಕಾಗಿ ಮೂಲದ ‘ಕೂಲ್-ಸ್ಕೂಲ್’ನಂಥ ಒಳಪ್ರಾಸಗಳು ಒಂದೆರಡು ಹೋದರೂ ಹೋಗಲಿ.

ಕೈಗೆ ಸಿಗದೇ ಹೋಗುವುದು ಶೀರ್ಷಿಕೆಯ ನುಡಿಗಟ್ಟು. ‘ಆರ್’ ಎಂಬ ಕ್ರಿಯಾಪದವನ್ನು ಬಿಟ್ಟು ಮಾತಾಡುವುದು ಕಪ್ಪು ಅಮೆರಿಕನ್ನರ ಇಂಗ್ಲಿಷಿನ ಗುರುತು, ಶಾಲೆಯಲ್ಲಿ ಅದನ್ನು ತಪ್ಪು ಎಂದೇ ತಿದ್ದುತ್ತಾರೆ. ‘ನಾವು ಜಾಣರು’ ಎನ್ನುವ ಕನ್ನಡಕ್ಕೆ ಅಂಥ ಕ್ರಿಯಾಪದ ಮೊದಲೇ ಬೇಡ. ಬಿಟ್ಟದ್ದು ಕೇಳಿಸುವುದೇ ಇಲ್ಲ. ಗ್ರಾಂಥಿಕ ಕೈಬಿಟ್ಟು ಬೀದಿಯ ‘ಸಖತ್’ ಹಿಡಿದರೆ ಅರ್ಧ ದಕ್ಕೀತು.

ಇನ್ನು ಪದ್ಯದ ಏಳನೆಯ ಸಾಲಿನ ‘ಜಾಝ್ ಜೂನ್’ನಲ್ಲಿ ಬರುವ ಜೂನ್. ನಮಗದು ಮಳೆ, ಹೊಸ ಪುಸ್ತಕ, ಶಾಲೆ ಶುರುವಾಗುವ ತಿಂಗಳು. ಶಿಕಾಗೋದಲ್ಲಿ ಶಾಲೆ ಮುಗಿದು ಬೇಸಿಗೆ ಬಿಚ್ಚಿಕೊಳ್ಳುವ ತಿಂಗಳು. ಹಾಗಂತ ಅದನ್ನು ಏಪ್ರಿಲ್ ಮಾಡಬೇಡಿ. ಆ ಹುಡುಗರು ಶಿಕಾಗೋದವರೇ ಆಗಿರಲಿ.