ನೀತಿಸಂಹಿತೆಯೂ ನನ್ನ ಜೋಡುನಳಿಗೆ ಕೋವಿಯೂ

ಕೊಡವರೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಬಹುದೆಂಬ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ನಮ್ಮ ಮೇಲೆ ಅಷ್ಟು ನಂಬಿಕೆ. ಚುನಾವಣೆ ಘೋಷಣೆಯಾದೊಡನೆ ಮಾತ್ರ ಆ ನಂಬಿಕೆ ರಜೆ ಹಾಕುತ್ತದೆ. ಅಜ್ಜನ ಕಾಲದ ನನ್ನ ಜೋಡುನಳಿಗೆ ಕೋವಿ ಕೊರಳಿಗೆ ಚೀಟಿ ಕಟ್ಟಿಸಿಕೊಂಡು, ಫಲಿತಾಂಶ ಬರುವವರೆಗೆ ಠಾಣೆಯ ಮೂಲೆಯಲ್ಲಿ ನಿಲ್ಲಬೇಕಾಗುತ್ತದೆ.

ನಮ್ಮ ಮತಗಟ್ಟೆ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿದೆ, ನಡುವೆ ಒಂದು ಗುಡ್ಡ ಬೇರೆ. ನನ್ನ ಕೋವಿಯ ಚರೆಯೋ, ಐವತ್ತು ಗಜ ದಾಟಿದರೆ ಹಂದಿಯ ಬೆನ್ನು ತುರಿಸುವುದಕ್ಕಷ್ಟೇ ಸಾಕು. ಇಂಥ ಆಯುಧದಿಂದ ಪ್ರಜಾಪ್ರಭುತ್ವಕ್ಕೆ ಒದಗಬಹುದಾದ ಅಪಾಯವನ್ನು ಲೆಕ್ಕ ಹಾಕಿಕೊಡಿರೆಂದು ಸೈನ್ಯದಲ್ಲಿ ಡ್ರಾಗುನೋವ್ ಎಂಬ ಸ್ನೈಪರ್ ರೈಫಲ್ ಹಿಡಿದಿದ್ದ ಪಕ್ಕದ ತೋಟದ ಸುಬೇದಾರ್ ಮಾವನನ್ನು ಕೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಗಂಭೀರವಾಗಿಯೇ ಲೆಕ್ಕಕ್ಕೆ ಕುಳಿತರು. ಡ್ರಾಗುನೋವ್ ಎಂಟುನೂರು ಮೀಟರಿಗೆ ಸುಸ್ತಾಗುತ್ತದೆ. ಅದರ ಜಾಗಕ್ಕೆ ಸೈನ್ಯ ತರಿಸಿದ ಫಿನ್ಲೆಂಡಿನ ಸಾಕೋ ಟಿಆರ್‌ಜಿ-42 ಕೂಡ ಸುಮಾರು ಒಂದೂವರೆ ಕಿಲೋಮೀಟರಿಗೆ, ಅಂದರೆ ಗುಡ್ಡದ ಆಚೆ ಮಗ್ಗುಲಿಗೇ ನಿಲ್ಲುತ್ತದೆ. ಇನ್ನುಳಿದದ್ದು 2017ರಲ್ಲಿ ಇರಾಕಿನಲ್ಲಿ ಕೆನಡಾದ ಸೈನಿಕನೊಬ್ಬ 3,540 ಮೀಟರ್ ದೂರಕ್ಕೆ ಗುರಿಯಿಟ್ಟ ಮೆಕ್‌ಮಿಲನ್ ಟ್ಯಾಕ್-50. ಅಷ್ಟು ದೂರ ಹೊಡೆಯಬೇಕಾದರೆ ಗಾಳಿ, ಸೆಕೆ, ಭೂಮಿಯ ತಿರುಗುವಿಕೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. "ಅಲ್ಲಿ ಗುಂಡು ಮುಟ್ಟುವುದಕ್ಕೆ ಹತ್ತಿರ ಹತ್ತಿರ ಹತ್ತು ಸೆಕೆಂಡ್ ಹಿಡಿಯಿತು. ಮತಯಂತ್ರದ ಪಕ್ಕದಲ್ಲಿ ಮತ ಖಾತರಿಪಡಿಸುವ ವಿವಿಪ್ಯಾಟ್ ಚೀಟಿ ಏಳೇ ಸೆಕೆಂಡಿಗೆ ಪೆಟ್ಟಿಗೆಗೆ ಬೀಳುತ್ತದೆ ಮಗ, ಮತ ಹೇಗೂ ಚಲಾವಣೆಯಾಗಿಯೇ ಹೋಗುತ್ತದೆ," ಎಂದರು.

ಅಂದಹಾಗೆ, ಸ್ನೈಪರ್ ಎಂಬ ಹೆಸರು ಹುಟ್ಟಿದ್ದೇ ನಮ್ಮ ದೇಶದಲ್ಲಿ. ಹದಿನೆಂಟನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನಿಕರು ಕೆಸರುಗದ್ದೆಯ ಸ್ನೈಪ್ ಹಕ್ಕಿಯನ್ನು ಬೇಟೆಯಾಡುತ್ತಿದ್ದುದರಿಂದ ಆ ಮಾತು ಬಂತು. ಚಳಿಗಾಲದಲ್ಲಿ ನನ್ನ ಗದ್ದೆಗೂ ಬರುವ ಆ ಹಕ್ಕಿ ನನ್ನ ಕೋವಿಯನ್ನು ಕಂಡು ಒಮ್ಮೆಯೂ ಹಾರಿದ್ದಿಲ್ಲ. ಅದರ ಅಂದಾಜು ಆಡಳಿತದ ಅಂದಾಜಿಗಿಂತ ನಿಖರವಾದದ್ದು.

ಆನೆಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲವಾದ್ದರಿಂದ ಅವು ಪ್ರಚಾರದ ಅವಧಿಯಲ್ಲೇ ತೋಟಕ್ಕೆ ಬಂದವು. ಗಾಳಿಯಲ್ಲೊಂದು ಗುಂಡು ಹಾರಿಸಿದರೆ ಹಿಂದಿರುಗುತ್ತಿದ್ದವೋ ಏನೋ. ನನ್ನಲ್ಲಿದ್ದದ್ದು ಠಾಣೆಯ ರಸೀದಿ. ಅದನ್ನು ಜೇಬಿನಲ್ಲಿಟ್ಟುಕೊಂಡು ಸ್ಟೀಲ್ ತಟ್ಟೆ ಬಡಿದೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಅವು ಬೈನೆ ಮರವನ್ನು ಸಾವಧಾನವಾಗಿ ಸಿಗಿದು ತಿಂದವು.

ಕೋವಿ ಜೂನ್‌ನಲ್ಲಿ ಮರಳಿತು. ನಳಿಗೆಗೆ ತುಕ್ಕು ಹಿಡಿದಿತ್ತು, ಒಂದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿಗೆ ಅದಕ್ಕೆ ತೋಕ್‌ಪೂ ಎಂಬ ಕೋವಿಹೂ ಸಿಕ್ಕಿಸಿ ಪೂಜೆ ಮಾಡಿ, ಮೂವತ್ತು ಹೆಜ್ಜೆ ದೂರದ ತೆಂಗಿನಕಾಯಿಗೆ ಎರಡು ಗುಂಡು ಹೊಡೆದೆ, ಕಾಯಿ ಅಲುಗಲಿಲ್ಲ.

"ಬೇಸರಪಡಬೇಡ ಮಗ," ಎಂದರು ಸುಬೇದಾರ್ ಮಾವ, "ಭೂಮಿ ತಿರುಗಿರಬೇಕು."