ಕಾಗದದ ಅಳತೆ ಎಷ್ಟು ಸಲ ಹೇಳ್ಬೇಕು ಸ್ವಾಮಿ?

ಪುಸ್ತಕದ ಪುಟ ಕಟ್ಟೋಕೆ ಬಳಸೋ ಲೇಟೆಕ್ ಅನ್ನೋ ಸಾಫ್ಟ್‌ವೇರಿನ ಫೈಲಿನ ಮೊದಲ ಸಾಲಲ್ಲೇ ಎ5 ಅಂತ ಬರೆದಿದ್ದೀನಿ. ಪಿಡಿಎಫ್ ತೆಗೆದು ನೋಡಿದರೆ ಎ4. ಆ ಎ4 ಹಾಳೆಯ ಮೇಲ್ಗಡೆ ಎಡಮೂಲೆಗೆ ಒತ್ತರಿಸಿಕೊಂಡು ಎ5 ಅಳತೆಯ ಮ್ಯಾಟರ್ ಕೂತಿದೆ, ಬಲಕ್ಕೂ ಕೆಳಕ್ಕೂ ಬಟಾಬಯಲು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಒಂದೇ ಒಂದು ಸಾಲು ಮಾರ್ಜಿನ್ ದಾಟಿ ಕೂದಲೆಳೆಯಷ್ಟು ಆಚೆ ಹೋದರೆ ‘ಓವರ್‌ಫುಲ್ ಎಚ್‌ಬಾಕ್ಸ್’ ಅಂತ ಬೊಬ್ಬೆ ಹೊಡೆಯೋ ಲೇಟೆಕ್, ಇಡೀ ಕಾಗದವೇ ಬೇರೆಯಾದಾಗ ತುಟಿ ಪಿಟಕ್ ಅನ್ನಲ್ಲ.

ಕೇಳಿದರೆ ಬಲ್ಲವರ ಸಮಜಾಯಿಷಿ ರೆಡಿ ಇರುತ್ತೆ. ಕ್ಲಾಸಿಗೆ, ಅಂದರೆ ಪುಟದ ರೂಪ ನಿರ್ಧರಿಸೋ ಲೇಟೆಕ್ ಅಚ್ಚಿಗೆ, ಕೊಟ್ಟ ಅಳತೆ ಪಠ್ಯವನ್ನು ಕೂರಿಸೋಕೆ ಮಾತ್ರವಂತೆ, ಪಿಡಿಎಫ್ ಹಾಳೆಯ ಅಳತೆಯನ್ನು ಅದನ್ನು ತಯಾರಿಸೋ ಎಂಜಿನ್‌ಗೆ ಬೇರೆ ಹೇಳಬೇಕಂತೆ. ಯಾಕ್ರೀ ಬೇರೆ ಹೇಳಬೇಕು? 1970ರ ದಶಕದ ಕೊನೆಗೆ ಡೊನಾಲ್ಡ್ ಕ್ನೂತ್ ಅನ್ನೋ ಕಂಪ್ಯೂಟರ್ ವಿಜ್ಞಾನಿ ಲೇಟೆಕ್‌ನ ಬುನಾದಿಯಾದ ಟೆಕ್ ಶುರು ಮಾಡಿದ ಕಾಲದ ಸಂಪ್ರದಾಯ ಇದು. ಆಗ ಬರ್ತಿದ್ದ ಡಿವಿಐ ಫೈಲಿನಲ್ಲಿ ಯಾವ ಅಕ್ಷರ ಎಲ್ಲಿ ಕೂರಬೇಕು ಅನ್ನೋದಿತ್ತು, ಕಾಗದ ಎಷ್ಟು ದೊಡ್ಡದು ಅನ್ನೋ ಚಿಂತೆ ಪ್ರಿಂಟರ್ ಕಡೆಯವರದ್ದು. ಆ ಕಾಲಕ್ಕೆ ಸರಿ. ಆದರೆ ಪಿಡಿಎಫ್ ಬಂದಿದ್ದು 1993ರಲ್ಲಿ. ಇಷ್ಟು ವರ್ಷ ಆದಮೇಲೂ ಎಲೆ ಹಾಕೋನೊಬ್ಬ, ಬಡಿಸೋನೊಬ್ಬ, ಎಲೆ ಎಷ್ಟಗಲ ಇದೆ ಅಂತ ಬಡಿಸೋನು ಬಗ್ಗಿಯೂ ನೋಡಲ್ಲ ಅಂದರೆ ಹೇಗೆ?

ಕಾಗದದ ಅಗಲ, ಎತ್ತರ ಹೇಳೋ ಹೆಸರುಗಳೂ ಬೇರೆಬೇರೆ. ಲೇಟೆಕ್‌ಗೆ ಪೇಪರ್‌ವಿಡ್ತ್, ಪೇಪರ್‌ಹೈಟ್. ಪಿಡಿಎಫ್‌ಟೆಕ್ ಅನ್ನೋ ಎಂಜಿನ್‌ಗೆ ಪಿಡಿಎಫ್‌ಪೇಜ್‌ವಿಡ್ತ್, ಪಿಡಿಎಫ್‌ಪೇಜ್‌ಹೈಟ್. ಲುವಾಟೆಕ್ ಅನ್ನೋ ಇನ್ನೊಂದು ಎಂಜಿನ್‌ನವರು ನಡುವೆ ಒಂದು ದಿನ ಆ ಹೆಸರನ್ನೇ ಬದಲಾಯಿಸಿ ಬರೀ ಪೇಜ್‌ವಿಡ್ತ್ ಮಾಡಿಟ್ಟರು, ಹಳೇ ಫೈಲುಗಳ ಗತಿ ದೇವರಿಗೇ ಪ್ರೀತಿ. ಇನ್ನೂ ತಮಾಷೆ ಕೇಳಿ. ಪುಸ್ತಕದೊಳಗೆ ಲಿಂಕು ಹಾಕೋಣ ಅಂತ ಹೈಪರ್‌ರೆಫ್ ಪ್ಯಾಕೇಜ್ (ಲೇಟೆಕ್‌ಗೆ ಜೋಡಿಸೋ ಹೆಚ್ಚುವರಿ ತುಣುಕು) ಸೇರಿಸಿದರೆ ಕಾಗದದ ಅಳತೆ ತಾನಾಗೇ ಸರಿಹೋಗುತ್ತೆ! ಹೌದು, ಲಿಂಕಿನ ಪ್ಯಾಕೇಜು ಯಾರೂ ಕೇಳದೆ ಹೋಗಿ ಎಂಜಿನ್‌ಗೆ ಅಳತೆ ಹೇಳಿ ಬರುತ್ತೆ. ‘ಪ್ರಿಂಟಿಗೆ ಲಿಂಕ್ ಯಾಕೆ’ ಅಂತ ಅದನ್ನ ತೆಗೆದ ತಕ್ಷಣ ಮತ್ತೆ ಎ4. ಹೀಗಾದರೆ ಯಾವ ಬುದ್ಧಿವಂತ ಕಾರಣ ಕಂಡುಹಿಡೀತಾನೆ?

ಕಾಗದದ ಅಳತೆ, ಮಾರ್ಜಿನ್ ಹೊಂದಿಸೋ ಜಿಯಾಮೆಟ್ರಿ ಪ್ಯಾಕೇಜ್ ಹಾಕ್ಕೊಳ್ಳಿ ಅಂತೀರಿ. ಹಾಕ್ಕೊಂಡಿದ್ದೀನಿ, ಅದು ಮರ್ಯಾದೆಯಾಗಿ ಕೆಲಸ ಮಾಡುತ್ತೆ, ಅದನ್ನ ಬರೆದ ಪುಣ್ಯಾತ್ಮರಿಗೆ ನನ್ನ ನಮಸ್ಕಾರ. ನನ್ನ ಸಿಟ್ಟು ಅದಿಲ್ಲದೆ ಇರೋ ಸ್ಥಿತಿಯ ಮೇಲೆ. ಎಡ ಮಾರ್ಜಿನ್ ಮುಕ್ಕಾಲು ಇಂಚು ಬೇಕು ಅನ್ನಿ. ಬರಿಗೈಯಲ್ಲಿ ಮಾಡೋದಾದರೆ ಆಡ್‌ಸೈಡ್‌ಮಾರ್ಜಿನ್‌ಗೆ ಮೈನಸ್ ಕಾಲು ಇಂಚು ಕೊಡಬೇಕು. ಯಾಕಂದ್ರೆ ಟೆಕ್ ಲೆಕ್ಕ ಶುರುವಾಗೋದು ಹಾಳೆಯ ಅಂಚಿನಿಂದ ಅಲ್ಲ, ಎಡದಿಂದ ಒಂದು ಇಂಚು, ಮೇಲಿನಿಂದ ಒಂದು ಇಂಚು ಒಳಗಿನಿಂದ. ಮೇಲಿನ ಮಾರ್ಜಿನ್ ಕಥೆ ಇನ್ನೂ ಉದ್ದ: ಆ ಒಂದು ಇಂಚು, ಅದಕ್ಕೆ ಟಾಪ್‌ಮಾರ್ಜಿನ್, ಅದಕ್ಕೆ ತಲೆಬರಹದ ಎತ್ತರ ಹೆಡ್‌ಹೈಟ್, ಅದಕ್ಕೆ ತಲೆಬರಹದ ಕೆಳಗಿನ ಜಾಗ ಹೆಡ್‌ಸೆಪ್, ಎಲ್ಲ ಕೂಡಿಸಿದ ಮೇಲೆ ಪಠ್ಯ ಶುರು. ಸ್ಕೇಲ್ ಹಿಡಿದು ಹಾಳೆ ಅಳೆಯೋ ಮನುಷ್ಯ ಯಾವತ್ತಾದರೂ ಹೀಗೆ ಯೋಚನೆ ಮಾಡ್ತಾನಾ?

ಏನೂ ಹೇಳದೆ ಬಿಟ್ಟರೋ, ಕ್ಲಾಸು ತನ್ನಷ್ಟಕ್ಕೆ ಲೆಟರ್ ಸೈಜ್ ಹಿಡಿಯುತ್ತೆ, ಎಂಟೂವರೆ ಇಂಚು ಅಗಲ, ಹನ್ನೊಂದು ಇಂಚು ಎತ್ತರ. ಅಮೆರಿಕ, ಕೆನಡಾ ಕಡೆ ಬಿಟ್ಟರೆ ಅದನ್ನ ಬಳಸೋರು ಕಡಿಮೆ. ಜರ್ಮನಿಯವರು ಎ ಸರಣಿಯನ್ನ 1922ರಲ್ಲೇ ಮಾಡಿಟ್ಟರು, ಭಾರತ 1957ರಲ್ಲೇ ಒಪ್ಪಿಕೊಂಡಿದೆ. ಬೆಂಗಳೂರಿನ ಯಾವ ಸ್ಟೇಷನರಿ ಅಂಗಡಿಗೆ ಹೋಗಿ ಕೇಳಿ, ಲೆಟರ್ ಸೈಜಿನ ರೀಮ್ ಕೊಟ್ಟರೆ ನನಗೆ ಹೇಳಿ.

ಇನ್ನು ಪುಸ್ತಕಕ್ಕೆ ಬನ್ನಿ. ನಮ್ಮ ದೊಡ್ಡಪ್ಪನ ಕವನ ಸಂಕಲನ, ನಾನೇ ಪುಟ ಕಟ್ಟಿಕೊಡ್ತೀನಿ ಅಂತ ಒಪ್ಪಿಕೊಂಡೆ. ಕನ್ನಡ ಪುಸ್ತಕಗಳ ಪ್ರಕಾಶನ ವಿವರದ ಪುಟ ನೋಡಿ, ‘ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿಥೊ’ ಅಂತ ಎಷ್ಟು ಸಲ ಕಂಡಿಲ್ಲ! ಡೆಮಿ ಅನ್ನೋದು ಪುಟದ ಅಳತೆ, ಉಳಿದದ್ದು ಕಾಗದದ ತೂಕ ಮತ್ತು ಜಾತಿ. ಆ ಡೆಮಿ ಕಟಿಂಗ್ ಆದಮೇಲೆ ಐದೂವರೆ, ಎಂಟೂವರೆ ಇಂಚು. ಲೇಟೆಕ್‌ನ ಮೂಲ ಕ್ಲಾಸುಗಳಿಗೆ ಗೊತ್ತಿರೋದು ಆರೇ ಅಳತೆ: ಎ4, ಎ5, ಬಿ5, ಲೆಟರ್, ಲೀಗಲ್, ಎಕ್ಸಿಕ್ಯೂಟಿವ್. ಮೆಮ್ವಾರ್ ಅನ್ನೋ ಇನ್ನೊಂದು ಕ್ಲಾಸಿನಲ್ಲಿ ಡೆಮಿ ಇದೆ ಅಂತ ಖುಷಿಪಟ್ಟರೆ ಅದು ಬ್ರಿಟಿಷರ ಹಳೇ ಲೆಕ್ಕದ್ದು, ಎತ್ತರ ಎಂಟೂಮುಕ್ಕಾಲು ಇಂಚು, ನಮ್ಮ ಪ್ರೆಸ್ಸಿನವರ ಕಟಿಂಗ್ ಸೈಜಿಗೆ ಕೂರಲ್ಲ. ಕೊನೆಗೆ ನಮ್ಮ ಡೆಮಿ ಅಳತೆ ಕರಾರುವಾಕ್ಕಾಗಿ ಸಿಗೋದು ಎಲ್ಲಿ ಗೊತ್ತಾ? ಅಮೆರಿಕದವರ ‘ಸ್ಟೇಟ್‌ಮೆಂಟ್’ ಅನ್ನೋ ಹೆಸರಿನಲ್ಲಿ. ನಾನು ಆಗಲೇ ಬೈದ ಲೆಟರ್ ಹಾಳೆಯನ್ನ ಎರಡಾಗಿ ಮಡಚಿದರೆ ಐದೂವರೆ, ಎಂಟೂವರೆ. ನಗೋದೋ ಅಳೋದೋ!

ಪ್ರೆಸ್ಸಿನ ಹುಡುಗ ಫೋನ್ ಮಾಡಿ ‘ಎತ್ತರ 612 ಪಾಯಿಂಟ್ ಇರ್ಲಿ ಸಾರ್’ ಅಂದ. ಹಾಗೇ ಹಾಕಿದರೆ ಪುಟ 0.8 ಮಿಲಿಮೀಟರ್ ಗಿಡ್ಡ. ಅವನ ಸಾಫ್ಟ್‌ವೇರಿನಲ್ಲಿ ಇಂಚಿಗೆ 72 ಪಾಯಿಂಟ್, ಟೆಕ್‌ನಲ್ಲಿ 72.27. ಅವನ ಪಾಯಿಂಟ್ ಬೇಕಾದರೆ ಇಲ್ಲಿ ‘ಬಿಪಿ’ ಅಂತ ಬರೀಬೇಕು. ಪುಟ ಕಟ್ಟೋರ ಬಿಪಿ ಏರೋಕೆ ಇಷ್ಟು ಸಾಕು.

ಕನ್ನಡದವರಿಗೆ ಇನ್ನೊಂದು ತಲೆನೋವು ಹೆಚ್ಚುವರಿ. ‘ರಾಷ್ಟ್ರ’, ‘ಸ್ತ್ರೀ’ ತರಹದ ಪದಗಳಲ್ಲಿ ಒತ್ತಿನ ಜೊತೆ ಇನ್ನೊಂದು ಒತ್ತು ಸೇರಿ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ, ಹಾಗಾಗಿ ಸಾಲುಗಳ ನಡುವಿನ ಜಾಗ ಹೆಚ್ಚಿಸಲೇಬೇಕು. ಹೆಚ್ಚಿಸಿದ ಕೂಡಲೇ ಪುಟದ ಎತ್ತರಕ್ಕೆ ಇಡೀ ಸಾಲುಗಳ ಲೆಕ್ಕ ತಪ್ಪುತ್ತೆ, ಮುಕ್ಕಾಲು ಸಾಲಿನ ಜಾಗ ಉಳಿಯುತ್ತೆ. ಬುಕ್ ಕ್ಲಾಸು ಎಲ್ಲ ಪುಟದ ತಳವನ್ನೂ ಸಮ ಮಾಡೋ ಹಟಕ್ಕೆ ಬಿದ್ದು ಆ ಉಳಿಕೆಯನ್ನ ಚರಣಗಳ ನಡುವೆ ಹಂಚಿಬಿಡುತ್ತೆ. ಎಡಪುಟದ ಪದ್ಯದಲ್ಲಿ ಚರಣಗಳು ಒತ್ತಾಗಿ, ಬಲಪುಟದಲ್ಲಿ ಸಡಿಲಾಗಿ. ದೊಡ್ಡಪ್ಪ ಪ್ರೂಫ್ ನೋಡಿ ‘ಇಲ್ಲಿ ಒಂದು ಸಾಲು ಬಿಟ್ಟುಹೋಗಿದೆಯೇನೋ ಮರಿ’ ಅಂದರು. ಜಿಯಾಮೆಟ್ರಿಗೆ ‘ಹೈಟ್‌ರೌಂಡೆಡ್’ ಅಂತ ಒಂದು ಪದ ಕೊಟ್ಟರೆ ಎತ್ತರವನ್ನ ಇಡೀ ಸಾಲುಗಳಿಗೆ ಹೊಂದಿಸಿಕೊಡುತ್ತೆ. ಅದು ಕೇಳದೇನೇ ಆಗಬೇಕಿದ್ದ ಕೆಲಸ ಅಲ್ವಾ?

ಇಷ್ಟೆಲ್ಲ ಸರಿಮಾಡಿದ್ದಾಯ್ತು. ಡೆಮಿ ಪುಟವನ್ನ ಎ4 ಹಾಳೆಯ ನಡುವೆ ಕಟಿಂಗ್ ಗೆರೆಗಳ ಸಮೇತ ಕೂರಿಸಿ, ಪ್ರೆಸ್ಸಿಗೆ ಕೊಡೋ ಮುಂಚೆ ಒಂದು ಪ್ರತಿ ನೋಡೋಣ ಅಂತ ಜೆರಾಕ್ಸ್ ಅಂಗಡಿಗೆ ಹೋದೆ. ಪ್ರಿಂಟು ಹಿಡ್ಕೊಂಡು ಪ್ರೆಸ್ಸಿಗೆ ಹೋದರೆ ಅಲ್ಲಿನ ಹಿರಿಯರು ಸ್ಟೀಲ್ ಸ್ಕೇಲ್ ಇಟ್ಟು ಅಳೆದರು. ಗೆರೆಯಿಂದ ಗೆರೆಗೆ ಎತ್ತರ ಎಂಟು ಇಂಚು, ಅಗಲ ಐದು ಚಿಲ್ಲರೆ. ‘ಸಾರ್, ಇದು ಡೆಮಿ ಅಲ್ಲ’ ಅಂದರು. ಅಲ್ಲವೇ ಅಲ್ಲ. ಅಂಗಡಿಯ ಟ್ರೇನಲ್ಲಿ ಇರೋದು ಎ4 ಹಾಳೆ, ಕಂಪ್ಯೂಟರಿನ ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಇರೋದು ಲೆಟರ್, ಅದರ ಮೇಲೆ ‘ಫಿಟ್’. 297 ಮಿಲಿಮೀಟರ್ ಎತ್ತರವನ್ನ 279.4ಕ್ಕೆ ತುರುಕಿದರೆ ಶೇಕಡಾ 94 ಆಗುತ್ತೆ, ಎಂಟೂವರೆ ಎಂಟಕ್ಕಿಳಿಯುತ್ತೆ. ಪಿಎಚ್‌ಡಿ ಥೀಸಿಸ್ ಕೊಡೋ ಮಕ್ಕಳು ಎಡಕ್ಕೆ ಒಂದೂವರೆ ಇಂಚು ಬಿಟ್ಟು ಪ್ರಿಂಟ್ ತಂದರೂ ‘ಮಾರ್ಜಿನ್ ಅಳತೆ ಸರಿಯಿಲ್ಲ’ ಅಂತ ಆಫೀಸಿನಲ್ಲಿ ವಾಪಸ್ ಕಳಿಸಿದರೆ ಮೊದಲು ಇದನ್ನ ನೋಡಿ.

ವಾಪಸ್ ಹೋಗಿ ‘ಆಕ್ಚುವಲ್ ಸೈಜ್’ ಒತ್ತಪ್ಪ ಅಂದರೆ ಅಂಗಡಿಯವನು ‘ಹಂಗೆ ಕೊಟ್ರೆ ಕಟ್ ಆಗುತ್ತೆ ಅಣ್ಣ, ಎಲ್ಲಾರ್ಗೂ ಇದ್ರಲ್ಲೇ ಕೊಡೋದು’ ಅಂದ. ಅವನ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ, ಹಿಂದೆ ಆರು ಜನ ಆಧಾರ್ ಕಾರ್ಡ್ ಹಿಡ್ಕೊಂಡು ನಿಂತಿದ್ದರು. ಮಾರನೇ ದಿನ ಪಿಡಿಎಫ್‌ಗೆ ಒಂದು ಹೊಸ ಮೊದಲ ಪುಟ ಸೇರಿಸಿ, ‘ದಯವಿಟ್ಟು 100 ಪರ್ಸೆಂಟ್‌ನಲ್ಲಿ ಪ್ರಿಂಟ್ ಮಾಡಿ’ ಅಂತ ದಪ್ಪಕ್ಷರದಲ್ಲಿ ಬರೆದು ಕಳಿಸಿದೆ. ಆ ಪುಟವೂ 94 ಪರ್ಸೆಂಟ್‌ನಲ್ಲೇ ಪ್ರಿಂಟಾಗಿ ಬಂತು.