ಬೀದಿಗೆ ಮುಖ ಮಾಡಿದ ದೀಪ

ಮಧ್ಯಾಹ್ನ ನಾಲ್ಕಕ್ಕೆ ಅವ್ವನ ವಿಡಿಯೊ ಕರೆ ಬಂತು. ಧಾರವಾಡದಲ್ಲಿ ಆಗ ರಾತ್ರಿ ಎಂಟೂವರೆ. ಎರಡೂ ಕಡೆ ಕಿಟಕಿಯಾಚೆ ಒಂದೇ ಕಪ್ಪು. ನನ್ನ ಬೆನ್ನ ಹಿಂದೆ ಕಿಟಕಿಯ ಕಟ್ಟೆಯ ಮೇಲೆ ಏಳು ಬಲ್ಬುಗಳ ಸ್ಟ್ಯಾಂಡ್ ಉರಿಯುತ್ತಿದ್ದುದನ್ನು ನೋಡಿ ಅವ್ವ ಕೇಳಿದಳು: "ದೀಪಾ ದೇವರ ಮುಂದ ಇಡೋದು ಬಿಟ್ಟು ಕಿಡಕ್ಯಾಗ ಯಾಕ ಇಟ್ಟೀಯೋ? ಅದೂ ಹೊರಗ ಮಾರಿ ಮಾಡಿ?" ಇಲ್ಲಿ ಎಲ್ಲಾರೂ ಹಂಗ ಇಡತಾರವ್ವಾ ಎಂದು ಹೇಳಿ ಮಾತು ಮುಗಿಸಿದೆ. ಆದರೆ ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ ಎಂದು ಆಮೇಲೆ ಅನ್ನಿಸಿತು. ಸ್ವೀಡನ್ನಿನ ಈ ದೀಪಗಳ ಬಗ್ಗೆ ಬರೆಯುವ ಬಹುಪಾಲು ಜನ ಅವು ಎಷ್ಟು ಚೆಂದ ಎಂದು ಬರೆಯುತ್ತಾರೆಯೇ ಹೊರತು ಅವು ಯಾರ ಕಡೆ ತಿರುಗಿವೆ ಎಂಬುದನ್ನು ಗಮನಿಸುವುದಿಲ್ಲ.

ನಾನಿರುವುದು ಸ್ವೀಡನ್ನಿನ ಪಶ್ಚಿಮ ಕರಾವಳಿಯ ಗೋಥೆನ್‌ಬರ್ಗ್ ನಗರದ ಮಜೋರ್ನಾ ಬಡಾವಣೆಯಲ್ಲಿ. ಇಲ್ಲಿನ ಮನೆಗಳ ಕೆಳಗಿನ ಅಂತಸ್ತು ಕಲ್ಲು-ಇಟ್ಟಿಗೆಯದು, ಮೇಲಿನ ಎರಡು ಮರದವು. ನಡುವೆ ಎಲ್ಲರಿಗೂ ಸೇರಿದ ಒಂದು ಅಂಗಳವಿದ್ದು, ಅದರ ಸುತ್ತ ಇಂಥ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಡಿಸೆಂಬರ್ ಮೂರನೆಯ ವಾರದಲ್ಲಿ ಇಲ್ಲಿ ಹಗಲೆಂದರೆ ಸುಮಾರು ಆರೂವರೆ ಗಂಟೆ. ಸೂರ್ಯ ಹುಟ್ಟುವ ಹೊತ್ತಿಗೆ ಜನ ಕಚೇರಿ ಸೇರಿರುತ್ತಾರೆ, ಮುಳುಗುವ ಹೊತ್ತಿಗೆ ಇನ್ನೂ ಕಚೇರಿಯಲ್ಲೇ ಇರುತ್ತಾರೆ. ಸ್ಟಾಕ್‌ಹೋಮಿನಲ್ಲಿ ಹಗಲು ಇನ್ನೂ ಅರ್ಧ ಗಂಟೆಯಷ್ಟು ಚಿಕ್ಕದು. ಉತ್ತರದ ಕಿರುನಾದಲ್ಲಿ ಡಿಸೆಂಬರ್ ಎರಡನೆಯ ವಾರದಿಂದ ಹೊಸ ವರ್ಷದ ಸುಮಾರಿನವರೆಗೆ ಸೂರ್ಯ ಮೂಡುವುದೇ ಇಲ್ಲ. ಆದರೂ ಅಲ್ಲಿ ಹಿಮ ಬಿದ್ದಿರುತ್ತದೆ, ನೆಲವೇ ಒಂದಿಷ್ಟು ಬೆಳಗುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಕತ್ತಲೆ ಮಳೆಯ ಕತ್ತಲೆ. ಬೀದಿದೀಪದ ಬೆಳಕನ್ನೂ ಒದ್ದೆ ಡಾಂಬರು ನುಂಗಿಬಿಡುತ್ತದೆ. ಇಲ್ಲಿಗೆ ಬಂದ ಮೊದಲ ನವೆಂಬರಿನಲ್ಲಿ ನನಗೆ ಯಾವುದೋ ಕಾಯಿಲೆ ಹತ್ತಿದೆಯೆಂದೇ ತಿಳಿದಿದ್ದೆ.

ಹಾಗಿರುವಾಗ ಒಂದು ಭಾನುವಾರ, ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕನೆಯ ಭಾನುವಾರ, ಇಡೀ ಬೀದಿ ಬದಲಾಗಿಬಿಡುತ್ತದೆ. ಅಡ್ವೆಂಟ್ ಎಂದು ಕರೆಯುವ ನಿರೀಕ್ಷೆಯ ವಾರಗಳು ಅಂದು ಆರಂಭ. ಹಿಂದಿನ ದಿನದವರೆಗೆ ಕಪ್ಪಾಗಿದ್ದ ಕಿಟಕಿಗಳಲ್ಲಿ ಎರಡೇ ಎರಡು ವಸ್ತುಗಳು ಕಾಣಿಸಿಕೊಳ್ಳುತ್ತವೆ. ಒಂದು, ಮೇಲಿನಿಂದ ತೂಗುಬಿಟ್ಟ ಕಾಗದದ ನಕ್ಷತ್ರ. ಇನ್ನೊಂದು, ನಡುವಿನದು ಎತ್ತರವಾಗಿ ಎರಡೂ ಬದಿಗೆ ಇಳಿಯುತ್ತ ಬರುವ, ಮನೆಯ ಮಾಡಿನ ಆಕಾರದಲ್ಲಿ ಏಳು ವಿದ್ಯುತ್ ಮೇಣದಬತ್ತಿಗಳಿರುವ ಮರದ ಸ್ಟ್ಯಾಂಡ್. ಇದನ್ನು ಇವರು ಅಡ್ವೆಂಟ್ಸ್‌ಯೂಸ್‌ಸ್ಟಾಕೆ ಎನ್ನುತ್ತಾರೆ. ಈ ಹೆಸರನ್ನು ತಡವರಿಸದೆ ಹೇಳಲು ನನಗೆ ಎರಡು ಚಳಿಗಾಲ ಬೇಕಾದವು.

ಇದು ಯಾವ ಕಾಲದ ಪದ್ಧತಿ ಎಂದು ಕೇಳಿದರೆ, ಮೊದಲಿನಿಂದಲೂ ಇದೆಯಲ್ಲ ಎನ್ನುವವರೇ ಹೆಚ್ಚು. ನಿಜದಲ್ಲಿ ಇದು ಶತಮಾನವನ್ನೂ ಪೂರೈಸಿಲ್ಲ, ಮೇಲಾಗಿ ಇದು ಹುಟ್ಟಿದ್ದು ಗೋದಾಮಿನಲ್ಲಿ. ಇದೇ ಗೋಥೆನ್‌ಬರ್ಗಿನಲ್ಲಿ ಫಿಲಿಪ್ಸ್ ಕಂಪನಿಯ ಗೋದಾಮಿನಲ್ಲಿ ಕೆಲಸಕ್ಕಿದ್ದ ಆಸ್ಕರ್ ಆಂಡರ್ಸನ್ ಎಂಬ ಯುವಕ, ಕೆಲಸಕ್ಕೆ ಬಾರದೆ ಉಳಿದಿದ್ದ ಕ್ರಿಸ್‌ಮಸ್ ಮರದ ವಿದ್ಯುತ್ ದೀಪಗಳನ್ನು ಮರದ ಸ್ಟ್ಯಾಂಡಿಗೆ ಜೋಡಿಸಿ ನೋಡಿದ್ದು 1934ರಲ್ಲಿ. ಕಂಪನಿಗೆ ಮೊದಮೊದಲು ಅದರಲ್ಲಿ ನಂಬಿಕೆ ಹುಟ್ಟಲಿಲ್ಲ. ಮಾರುಕಟ್ಟೆಗೆ ಬಂದದ್ದು 1939ರಲ್ಲಿ. ನಕ್ಷತ್ರದ ಕಥೆ ತುಸು ಹಳೆಯದು. ಜರ್ಮನಿಯ ಸ್ಯಾಕ್ಸನಿ ಸೀಮೆಯ ಮೊರಾವಿಯನ್ ಎಂಬ ಕ್ರೈಸ್ತ ಪಂಥದವರ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಕ್ಕಳು ರೇಖಾಗಣಿತ ಕಲಿಯುತ್ತ ಕಾಗದ ಮಡಿಚಿ ಮಾಡುತ್ತಿದ್ದ ನಕ್ಷತ್ರ ಅದು. ಸ್ವೀಡನ್ನಿನ ಲುಂಡ್ ಪಟ್ಟಣದ ಒಂದು ಮನೆಗೆ ಬಂದದ್ದು 1912ರಲ್ಲಿ. ನಾನು ಕಳೆದ ವರ್ಷ ಕೊಂಡ ನಕ್ಷತ್ರದ ಪೊಟ್ಟಣವನ್ನು ತಿರುಗಿಸಿ ನೋಡಿದರೆ ಅದರ ಮೇಲೆ 'ಮೇಡ್ ಇನ್ ಇಂಡಿಯಾ' ಎಂದು ಅಚ್ಚಾಗಿತ್ತು. ನಮ್ಮ ಆಕಾಶಬುಟ್ಟಿಯ ಕಾಗದದ ಹಾಗೆಯೇ ನಾರುನಾರಾದ ಕೈಕಾಗದ. ಬೆಲೆ ಮಾತ್ರ ಅದರ ಹತ್ತು ಪಟ್ಟು.

ಗೋದಾಮಿನ ಉಳಿಕೆಯಿಂದ ಹುಟ್ಟಿದ್ದು ಎಂದಮಾತ್ರಕ್ಕೆ ಈ ಪದ್ಧತಿ ಬರಿಯ ವ್ಯಾಪಾರ ಎಂದು ತಳ್ಳಿಹಾಕುವವರೊಂದಿಗೆ ನಾನು ಒಪ್ಪುವುದಿಲ್ಲ, ಏಕೆಂದರೆ ವಸ್ತು ಹೊಸದಾದರೂ ಕಿಟಕಿಯಲ್ಲಿ ದೀಪವಿಡುವ ಯೋಚನೆ ಹಳೆಯದು. ಹಿಂದಿನ ಸ್ವೀಡನ್ನಿನ ಹಳ್ಳಿಗಳಲ್ಲಿ ಕ್ರಿಸ್‌ಮಸ್ ದಿನ ಬೆಳಗಿನ ಜಾವದ ಪೂಜೆಗೆ, ಅಂದರೆ ಯೂಲೊಟ್ಟಾಗೆ, ಜನ ನಡುಗತ್ತಲಲ್ಲಿ ಜಾರುಬಂಡಿ ಕಟ್ಟಿಕೊಂಡು ಮೈಲಿಗಟ್ಟಲೆ ದೂರದ ಚರ್ಚಿಗೆ ಹೋಗುತ್ತಿದ್ದರು. ದಾರಿಬದಿಯ ಮನೆಯವರು ಹೋಗುವವರಿಗೆ ದಾರಿ ಕಾಣಲೆಂದು ಕಿಟಕಿಯಲ್ಲಿ ಬತ್ತಿ ಹಚ್ಚಿಡುತ್ತಿದ್ದರು. ಅದು ಪ್ರಾಣಿಯ ಕೊಬ್ಬಿನಿಂದ ಮನೆಯಲ್ಲೇ ಮಾಡಿದ ಬತ್ತಿ; ದುಬಾರಿ ಪದಾರ್ಥ, ದಿನವೂ ಉರಿಸುವಂಥದ್ದಲ್ಲ. ವಿದ್ಯುತ್ತು ಬಂದು ಆ ಒಂದು ರಾತ್ರಿಯನ್ನು ಹಿಗ್ಗಿಸಿ ಆರು ವಾರ ಮಾಡಿತು. ಹಾಗಾಗಿ ಅವ್ವನ ಪ್ರಶ್ನೆಗೆ ಉತ್ತರ ಆ ಜಾರುಬಂಡಿಯ ದಾರಿಯಲ್ಲೇ ಇದೆ ಎಂದು ನನಗೆ ತೋರುತ್ತದೆ: ಈ ದೀಪ ಒಳಗಿನವರದಲ್ಲ, ಹಾದುಹೋಗುವವರದು. ಸೋಫಾದ ಮೇಲೆ ಕೂತ ಮನೆಯವರಿಗೆ ಕಾಣುವುದು ಸ್ಟ್ಯಾಂಡಿನ ಬೆನ್ನು ಮತ್ತು ಜೋತುಬಿದ್ದ ವೈರು. ಅದರ ಮುಖವೆಲ್ಲ ಬೀದಿಗೆ.

ಅಕ್ಕಪಕ್ಕದವರೊಂದಿಗೆ ಮಾತಾಡಲು ಇಷ್ಟು ಹಿಂಜರಿಯುವ ಜನ ಈ ಪದ್ಧತಿಯನ್ನು ಇಷ್ಟು ಗಟ್ಟಿಯಾಗಿ ಹಿಡಿದಿರುವುದು ನನಗೆ ಬೆರಗಿನ ಸಂಗತಿ. ಮೆಟ್ಟಿಲ ಮೇಲೆ ಎದುರಾದರೆ 'ಹೇಯ್' ಎನ್ನುತ್ತಾರೆ, ಅಷ್ಟೆ. ಎದುರು ಮನೆಯವರು ಹೊರಟ ಸದ್ದು ಕೇಳಿದರೆ, ಅವರು ಇಳಿದುಹೋಗುವವರೆಗೆ ಬಾಗಿಲ ಹಿಂದೆ ಕಾಯುವವರೂ ಇದ್ದಾರೆ. (ಈಗೀಗ ನಾನೂ ಹಾಗೆಯೇ ಮಾಡುತ್ತೇನೆ ಎಂದು ಒಪ್ಪಿಕೊಳ್ಳಬೇಕು.) ಅಂಥವರು ಪರದೆಯನ್ನೂ ಎಳೆಯದೆ, ಹೆಸರೂ ಗೊತ್ತಿಲ್ಲದ ದಾರಿಹೋಕರಿಗಾಗಿ ದೀಪ ಇಡುತ್ತಾರೆ.

ಎಲ್ಲರದೂ ಒಂದೇ ನಮೂನೆ, ಒಂದೇ ಹಳದಿ, ಸ್ವಂತಿಕೆಯೇ ಇಲ್ಲ ಎಂದು ನಮ್ಮ ಸ್ನೇಹಿತರ ಬಳಗದಲ್ಲಿ ಹಲವರು ಆಡಿಕೊಳ್ಳುತ್ತಾರೆ. ಬಣ್ಣಬಣ್ಣದ ಮಿನುಗುದೀಪ ಕಟ್ಟಿದ ಕಿಟಕಿಯನ್ನು ಇಲ್ಲಿಯವರು ಬಾಯಿಬಿಟ್ಟು ಬೈಯುವುದಿಲ್ಲವಾದರೂ ಮೆಚ್ಚುವುದಿಲ್ಲ ಎಂಬುದು ನಿಜ. ಆ ಮೌನದಲ್ಲಿ ಒತ್ತಾಯವೂ ಇದೆ. ಆದರೆ ಏಕರೂಪವೇ ಇದರ ಬಲ ಎಂದು ನನ್ನ ಅಭಿಪ್ರಾಯ. ಪೈಪೋಟಿಗೆ ಎಡೆಯಿಲ್ಲದ ಕಾರಣ ಹಣವಂತನ ಕಿಟಕಿ ಯಾವುದು, ಬಡವನದು ಯಾವುದು ಎಂದು ಕೆಳಗೆ ನಿಂತವನಿಗೆ ತಿಳಿಯುವುದಿಲ್ಲ. ವಲಸೆ ಬಂದವರೇ ಹೆಚ್ಚಾಗಿರುವ ಆಂಗೆರೆಡ್ ಕಡೆಯ ಎತ್ತರದ ಕಟ್ಟಡಗಳಲ್ಲಿಯೂ ಅವೇ ಏಳು ದೀಪಗಳನ್ನು ನಾನು ಕಂಡಿದ್ದೇನೆ. ಅವುಗಳನ್ನು ಇಟ್ಟವರಲ್ಲಿ ಎಷ್ಟು ಮಂದಿ ಕ್ರೈಸ್ತರೆಂಬುದು ಕೆಳಗಿನಿಂದ ನೋಡಿದರೆ ಗೊತ್ತಾಗದು. ನಾನೂ ಚರ್ಚಿಗೆ ಹೋಗುವವನಲ್ಲ. ಕೆಲವು ವರ್ಷ ಕಾರ್ತಿಕ ಮುಗಿದು ಅಡ್ವೆಂಟ್ ಶುರುವಾಗುವ ನಡುವೆ ಕೆಲವು ದಿನ ಮನೆಯಲ್ಲಿ ದೀಪವಿಲ್ಲದಂತಾಗುತ್ತದೆ. ಆ ದಿನಗಳು ನನಗೆ ಬೇಸರ.

ಇನ್ನು ಒಂದು ಲಕೋಟೆಯ ವಿಷಯ. ಕೆಲವು ವರ್ಷದ ಹಿಂದೆ ನಮ್ಮಲ್ಲಿ ಇದ್ದದ್ದು ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಸ್ಟ್ಯಾಂಡ್, ಎಲ್‌ಇಡಿ ಅಲ್ಲದ್ದು. ಅದರಲ್ಲಿ ಏಳೂ ಬಲ್ಬುಗಳು ಒಂದೇ ಸಾಲಿನ ಸರಣಿ ಜೋಡಣೆಯಲ್ಲಿರುತ್ತವೆ. ಗೋಡೆಯ 230 ವೋಲ್ಟನ್ನು ಏಳಾಗಿ ಹಂಚಿಕೊಳ್ಳಬೇಕಾದ್ದರಿಂದ ಒಂದೊಂದರ ಮೇಲೂ 34 ವೋಲ್ಟ್, 3 ವ್ಯಾಟ್ ಎಂದು ಕೊರೆದಿರುತ್ತದೆ. ಒಂದು ಬಲ್ಬು ಸಡಿಲವಾದರೂ ಏಳೂ ಆರಿಹೋಗುತ್ತವೆ, ಯಾವುದರ ತಪ್ಪು ಎಂದು ನೋಡಿ ಹೇಳಲಾಗದು. ನಮ್ಮದು ಲೂಸಿಯಾ ಹಬ್ಬದ ದಿನ, ಅಂದರೆ ಡಿಸೆಂಬರ್ 13ರಂದು, ಆರಿತು. ಬೆಳಿಗ್ಗೆ ಮಗಳ ಶಾಲೆಯಲ್ಲಿ ತಲೆಯ ಮೇಲೆ ದೀಪದ ಕಿರೀಟ ಹೊತ್ತ ಮಕ್ಕಳ ಮೆರವಣಿಗೆ ನೋಡಿ, ಕೇಸರಿ ಹಾಕಿದ ಬನ್ನು ತಿಂದು ಬಂದಿದ್ದೆವು. ಸಂಜೆ ನಮ್ಮದೇ ಕಿಟಕಿ ಕಪ್ಪು. ಸುಟ್ಟಿರಬೇಕೆಂದು ಹಾಗೆಯೇ ಬಿಟ್ಟೆ. ನಾಲ್ಕನೆಯ ದಿನ ಬಾಗಿಲಿನ ಅಂಚೆಸೀಳಿನಿಂದ ಒಂದು ಲಕೋಟೆ ಒಳಗೆ ಬಿದ್ದಿತ್ತು. ಅದರೊಳಗೆ ಟಿಶ್ಯೂ ಕಾಗದದಲ್ಲಿ ಸುತ್ತಿದ ಒಂದು ಚಿಕ್ಕ ಬಲ್ಬು, ಜೊತೆಗೆ ಪೆನ್ಸಿಲ್ಲಿನಲ್ಲಿ ಬರೆದ ಎರಡು ಸಾಲು: ಮೊದಲು ಎಲ್ಲವನ್ನೂ ಒಮ್ಮೆ ಬಿಗಿಯಾಗಿ ತಿರುಗಿಸಿ ನೋಡಿ, ಹತ್ತದಿದ್ದರೆ ಇದನ್ನು ಒಂದೊಂದರ ಜಾಗದಲ್ಲೂ ಹಾಕಿ ನೋಡಿ. ಸಹಿ ಇಲ್ಲ. ತಿರುಗಿಸಿದೆ, ಎಡದಿಂದ ಮೂರನೆಯದನ್ನು ಬಿಗಿ ಮಾಡುತ್ತಲೇ ಏಳೂ ಹತ್ತಿಕೊಂಡವು. ಬರೆದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಅಂಗಳದ ಸುತ್ತಲಿನ ಯಾರೋ ಒಬ್ಬರು ನಾಲ್ಕು ಸಂಜೆ ನಮ್ಮ ಕಿಟಕಿಯನ್ನು ನೋಡಿದ್ದರು, ಅಷ್ಟೆ.

2022ರ ಚಳಿಗಾಲದಲ್ಲಿ ವಿದ್ಯುತ್ ದರ ಏರಿ, ಅದರಲ್ಲೂ ದೇಶದ ದಕ್ಷಿಣ ಭಾಗದಲ್ಲಿ ವಿಪರೀತವಾಗಿ, ಈ ದೀಪಗಳು ಬೇಕೇ ಎಂಬ ಚರ್ಚೆ ಎದ್ದಿತ್ತು. ಲೆಕ್ಕ ಸರಳ. ಹಳೆಯ ಸ್ಟ್ಯಾಂಡ್ 21 ವ್ಯಾಟಿನದು. ದಿನಕ್ಕೆ ಹದಿನಾರು ಗಂಟೆಯಂತೆ ನಲವತ್ತೈದು ದಿನ ಉರಿಸಿದರೆ ಹದಿನೈದು ಯೂನಿಟ್ ಆಗುತ್ತದೆ, ಎಲ್‌ಇಡಿ ಬಲ್ಬು ಹಾಕಿದರೆ ಒಂದು ಯೂನಿಟ್ಟಿನ ಆಸುಪಾಸು. ನಾನೂ ಆ ವರ್ಷವೇ ಎಲ್‌ಇಡಿಗೆ ಬದಲಾಯಿಸಿದೆ. ಮೊದಮೊದಲ ಎಲ್‌ಇಡಿಗಳ ಆಸ್ಪತ್ರೆಯಂಥ ನೀಲಿ ಬೆಳಕು ಈಗಿನವುಗಳಲ್ಲಿ ಇಲ್ಲ. ಚರ್ಚೆ ನಡೆಯಿತು, ದೀಪಗಳು ನಮ್ಮ ಬೀದಿಯಲ್ಲಿ ಎಂದಿನಂತೆ ಉರಿದವು.

ನನಗೆ ಒಂದೇ ತಕರಾರು. ಜನವರಿ 13, ಕ್ನುಟ್ ದಿನ, ಕ್ರಿಸ್‌ಮಸ್ ಮುಗಿಯಿತೆಂದು ಮರವನ್ನು ಹೊರಹಾಕುವ ದಿನ. ಅದರೊಂದಿಗೆ ಕಿಟಕಿಗಳೂ ಬರಿದಾಗುತ್ತವೆ. ಅಷ್ಟು ಹೊತ್ತಿಗೆ ಹಗಲು ಬೆಳೆದಿರುವುದು ಅರ್ಧ ಗಂಟೆಗಿಂತ ತುಸು ಹೆಚ್ಚು ಮಾತ್ರ. ಕತ್ತಲೆ ಎಲ್ಲಿಗೂ ಹೋಗಿರುವುದಿಲ್ಲ. ಪಂಚಾಂಗಕ್ಕೆ ಇಷ್ಟು ವಿಧೇಯರಾಗಬೇಕಿಲ್ಲವೆಂದು ನಾನು ಕಳೆದ ಸಲ ಫೆಬ್ರವರಿಯವರೆಗೂ ಇಟ್ಟಿದ್ದೆ. ಯಾರೂ ಏನೂ ಅನ್ನಲಿಲ್ಲ, ಅನ್ನುವವರೂ ಅಲ್ಲ.

ಈಗ ಶನಿವಾರದಿಂದ ಅಂಗಳದ ಆಚೆ ಬದಿಯಲ್ಲಿ, ಮೇಲಿನ ಮಹಡಿಯ ಎಡಗಡೆಯ ಕಿಟಕಿ ಕಪ್ಪಾಗಿದೆ. ಸ್ಟ್ಯಾಂಡ್ ಅಲ್ಲೇ ಇದೆ, ಏಳು ಬಿಳಿಯ ಕಡ್ಡಿಗಳು ಮಸುಕಾಗಿ ಕಾಣುತ್ತವೆ. ಆ ಹಳೆಯ ಬಲ್ಬು ಇನ್ನೂ ನನ್ನ ಬಳಿ ಇದೆ, ಅದೇ ಟಿಶ್ಯೂ ಕಾಗದದಲ್ಲಿ. ಸ್ವೀಡಿಷ್ ಭಾಷೆಯಲ್ಲಿ ಎರಡು ಸಾಲು ಬರೆಯಲು ಕೂತು ಆಗಲೇ ಮೂರು ಹಾಳೆ ಹರಿದಿದ್ದೇನೆ. ಮಗಳು ತಿದ್ದಿಕೊಡುವುದಾಗಿ ಹೇಳಿದ್ದಾಳೆ.